ನಂಜಯ್ಯನ ಹಳದಿ ಹುಟ್ಟು

ದೋಣಿಯ ಹುಟ್ಟು ಮಾಡುವುದನ್ನು ಕಲಿಯಬೇಕೆಂದು ಬರುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಯಾವ ಹಲಗೆಯನ್ನೂ ನಂಬಬೇಡಿ. ಸಾಮಿಲ್ಲಿನವನು ‘ನಿಮಗೋಸ್ಕರವೇ ಎತ್ತಿಟ್ಟಿದ್ದೆ’ ಎಂದರೆ ಆ ಹಲಗೆಯನ್ನಂತೂ ಮುಟ್ಟಲೇಬೇಡಿ. ನನಗೋಸ್ಕರ ಅವನು ಯಾಕೆ ಎತ್ತಿಡಬೇಕು? ನಾನೇನು ಅವನ ಬೀಗನೇ? ಬೇರೆ ಯಾರೂ ಕೊಳ್ಳದೆ ಮೂಲೆಯಲ್ಲಿ ಬಿದ್ದಿದ್ದಕ್ಕೆ ಧೂಳು ಒರೆಸಿ ಇಟ್ಟಿರುತ್ತಾನೆ, ಅಷ್ಟೇ. ನನ್ನ ಹೆಂಡತಿ ನೆಂಟರ ಮುಂದೆಲ್ಲ ಹೇಳುತ್ತಾಳೆ, ‘ನಮ್ಮನೇರು ತೀರ್ಥ ಕೊಟ್ರೂ ಮೂಸಿ ನೋಡ್ಬುಟ್ಟೇ ಕುಡಿಯೋದು’ ಎಂದು. ನಾನು ಅದನ್ನು ಬೈಗುಳ ಎಂದುಕೊಂಡವನಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೊಳೆಯ ಮೇಲೆ ಬದುಕಿ ಮನೆಗೆ ವಾಪಸು ಬಂದದ್ದು ಮೂಸಿ ನೋಡಿದ್ದರಿಂದಲೇ.

ನನ್ನ ಕೆಲಸ ಇದ್ದದ್ದು ಕಪಿಲಾ ನದಿಯ ಮೇಲೆ. ನಂಜನಗೂಡು ದಾಟಿ, ನರಸೀಪುರದಲ್ಲಿ ಕಾವೇರಿಯನ್ನು ಸೇರುವ ಮೊದಲು ಹೊಳೆಯಲ್ಲಿ ಎಷ್ಟು ನೀರು ಹರಿಯುತ್ತದೆ, ಎಷ್ಟು ರಭಸ ಎಂದು ಅಳೆಯುವ ಕಚೇರಿ ನಮ್ಮದು. ಸಾಹೇಬರು ದೋಣಿಯ ನಡುವೆ ಕುಳಿತು, ಗಿರಗಿರ ತಿರುಗುವ ಮೀಟರನ್ನು ನೀರಿಗೆ ಬಿಟ್ಟು ಲೆಕ್ಕ ಬರೆದುಕೊಳ್ಳುತ್ತಿದ್ದರು. ಅವರು ಬರೆದು ಮುಗಿಸುವ ತನಕ ದೋಣಿ ಒಂದೇ ಕಡೆ ನಿಂತಿರಬೇಕು. ಮುಂದೆ ಒಬ್ಬ, ಹಿಂದೆ ಒಬ್ಬ ಕುಳಿತು ಹುಟ್ಟು ಹಾಕುತ್ತಾ ಹರಿಯುವ ನೀರಿನಲ್ಲಿ ದೋಣಿಯನ್ನು ಹಿಡಿದು ನಿಲ್ಲಿಸುವುದು ನಮ್ಮ ನೌಕರಿ. ಬೇಸಿಗೆಯಲ್ಲಿ ಅದು ಆಟ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಆಟವಲ್ಲ.

ಕೆಲಸಕ್ಕೆ ಸೇರಿದ ದಿನ ಕೆಂಪಯ್ಯ ಎಂಬ ಹಿರಿಯ ದೋಣಿಯಾಳು ನನಗೆ ಎರಡು ಕಟ್ಟಳೆ ಹೇಳಿದರು. ಒಂದು, ನಿನ್ನ ಹುಟ್ಟನ್ನು ನೀನೇ ಮಾಡಿಕೊಳ್ಳಬೇಕು. ಎರಡು, ಇನ್ನೊಬ್ಬನ ಹುಟ್ಟನ್ನು ಮುಟ್ಟಬಾರದು.

‘ಮುಟ್ಟುದ್ರೆ ಏನಾಯ್ತದಣ್ಣ?’ ಎಂದೆ.

‘ಅವನ ಪ್ರಾಣ ಅದ್ರಲ್ಲಿ ಅದೆ ಕಣ್ಲಾ. ಅವನ್ ಎಂಡ್ರ ಕೈ ಮುಟ್ಟೀಯ ನೀನು? ಇದ್ನೂ ಅಂಗೇ ಅನ್ಕೊ’ ಎಂದರು. ನಮ್ಮ ಕಚೇರಿಯ ಶೆಡ್ಡಿನ ಗೋಡೆಗೆ ಮೊಳೆಗಳಿದ್ದವು. ಒಬ್ಬೊಬ್ಬರ ಹುಟ್ಟಿಗೆ ಒಂದೊಂದು ಮೊಳೆ. ಕಸ ಗುಡಿಸುವಾಗಲೂ ಇನ್ನೊಬ್ಬರದನ್ನು ಯಾರೂ ಸರಿಸುತ್ತಿರಲಿಲ್ಲ.

ನನ್ನ ಮೊದಲ ಹುಟ್ಟಿನ ಕಥೆ ಕೇಳಿ. ಹುಲ್ಲಹಳ್ಳಿಯ ಸಂತೆಗೆ ಹೋಗಿ ಹೊನ್ನೆ ಮರದ ಹಲಗೆಯೊಂದನ್ನು ತಂದೆ. ಕೆತ್ತಿ, ಉಜ್ಜಿ, ಎಣ್ಣೆ ಹಚ್ಚಿ, ಮದುವಣಗಿತ್ತಿಯನ್ನು ತೋರಿಸುವ ಹಾಗೆ ತೋರಿಸಿದೆ. ಕೆಂಪಯ್ಯ ಅದನ್ನು ತಗಡಿನ ಮೇಲೆ ಬಿಸಿಲಿಗೆ ಇಡಲು ಹೇಳಿದರು. ಊಟ ಮುಗಿಸಿ ಬಂದು ನೋಡಿದರೆ ಒಂದು ಕಡೆ ಮರ ಬೆವರುತ್ತಿತ್ತು. ಗಂಟು ಕಳಚಿ ಬಿದ್ದಿದ್ದ ಜಾಗಕ್ಕೆ ಮೇಣದ ಬತ್ತಿ ಕರಗಿಸಿ, ಮರದ ಪುಡಿ ಬೆರೆಸಿ ತುಂಬಿ ಯಾವನೋ ನನಗೆ ಮಾರಿದ್ದ. ಕೆಂಪಯ್ಯ ನನ್ನ ಕೈಯಲ್ಲೇ ಅದನ್ನು ಮಂಡಿಗೆ ಕೊಟ್ಟು ಮುರಿಸಿದರು. ಪಟ್ ಎಂದು ಎರಡಾಯಿತು. ಅವತ್ತು ನನಗೆ ಅಳುವೇ ಬಂದಿತ್ತು. ಆದರೆ ಅನುಮಾನ ಪಡುವುದನ್ನು ನನಗೆ ಯಾರೂ ಬೇರೆ ಕಲಿಸಬೇಕಾಗಲಿಲ್ಲ.

ಹಲಗೆಗೆ ಗಂಟಿರಬಾರದು, ಗೆರೆ ಉದ್ದಕ್ಕೂ ನೇರವಾಗಿ ಓಡಿರಬೇಕು. ನೀರು ಚಿಮುಕಿಸಿ ನೋಡಿ. ಒಂದು ಜಾಗ ಮಾತ್ರ ಬೇಗ ನೀರು ಕುಡಿದರೆ ಅಲ್ಲಿ ಒಳಗೆ ಏನೋ ಇದೆ. ಬೆರಳ ಗೆಣ್ಣಿನಿಂದ ಬಡಿಯಿರಿ. ಮಡಕೆ ಕೊಳ್ಳುವಾಗ ಕಿವಿ ಕೊಡುವಷ್ಟೇ ಕಿವಿ ಕೊಡಿ. ಅಳತೆಗೆ ಟೇಪು ಬೇಡ. ಬರಿಗಾಲಲ್ಲಿ ನಿಂತು ಹಲಗೆಯನ್ನು ಎದುರಿಗೆ ನಿಲ್ಲಿಸಿಕೊಂಡರೆ ನಿಮ್ಮ ಗಲ್ಲಕ್ಕೆ ಬರಬೇಕು. ನೀರಿಗೆ ಇಳಿಯುವ ಅಗಲ ಭಾಗಕ್ಕೆ ಅಲಗು ಎನ್ನುತ್ತೇವೆ. ಅದು ಒಂದು ಗೇಣು ಅಗಲ, ಅಂಚಿಗೆ ಹೋಗುತ್ತಾ ತೆಳ್ಳಗೆ. ಕೈ ಹಿಡಿಯುವ ಕೋಲು ನಿಮ್ಮ ಮುಷ್ಟಿಗೆ ಕೂರಬೇಕು, ನಿಮ್ಮ ಅಣ್ಣನ ಮುಷ್ಟಿಗಲ್ಲ. ಬಾಚಿಯಿಂದ ಒರಟು ತೆಗೆದು, ಉಳಿಯಿಂದ ರೂಪ ಕೊಟ್ಟು, ಕೊನೆಗೆ ಗಾಜಿನ ಚೂರಿನಿಂದ ಹೆರೆಯಿರಿ. ಅಗಸೆ ಎಣ್ಣೆಯನ್ನು ಮೂರು ಸಲ ಕುಡಿಸಿ, ಒಂದೊಂದು ಸಲವೂ ಚೆನ್ನಾಗಿ ಆರಲು ಬಿಡಿ.

ಅಲಗು ಮತ್ತು ಕೋಲು ಕೂಡುವ ಜಾಗ ಕತ್ತು. ಹೊಳೆ ತನ್ನ ಬಲವನ್ನೆಲ್ಲ ತೋರಿಸುವುದು ಅಲ್ಲೇ. ಅಲ್ಲಿ ಚೆಂದ ಮಾಡಲು ಹೋಗಿ ಸಣ್ಣ ಮಾಡಿದವರು, ಹೆಸರು ಕೆತ್ತಿದವರು, ತಂತಿ ಸುತ್ತಲು ಮೊಳೆ ಹೊಡೆದವರು ಎಲ್ಲರೂ ಕೆಟ್ಟಿದ್ದಾರೆ. ಕತ್ತಿಗೆ ಮೊಳೆ ತಾಗಿಸಬೇಡಿ, ತೂತು ಕೊರೆಯುವ ಬೈರಿಗೆ ತಾಗಿಸಬೇಡಿ. ಈ ಮಾತನ್ನು ನಾನು ಯಾವ ಅಧಿಕಾರದಿಂದ ಹೇಳುತ್ತಿದ್ದೇನೆ ಎಂಬುದು ಮುಂದೆ ಗೊತ್ತಾಗುತ್ತದೆ.

ನಡುವೆ ಒಬ್ಬ ಸಾಹೇಬರು ಬಂದರು. ಹುಟ್ಟನ್ನು ಆಳುಗಳು ಮನೆಯಲ್ಲಿ ಕೆತ್ತಿಕೊಂಡು ಬರುವುದು ಅವರಿಗೆ ನಾಚಿಕೆಗೇಡಾಗಿ ಕಂಡಿತು. ಅಲ್ಯೂಮಿನಿಯಂ ಕೋಲಿಗೆ ಪ್ಲಾಸ್ಟಿಕ್ ಅಲಗು ಸಿಕ್ಕಿಸಿದ ಹುಟ್ಟುಗಳನ್ನು ತರಿಸಿದರು. ಹಗುರ, ಹೊಳಪು, ಎಲ್ಲರಿಗೂ ಒಂದೇ ಅಳತೆ. ಕುಳ್ಳನಿಗೂ ಅದೇ, ಉದ್ದನವನಿಗೂ ಅದೇ. ನಾನು ಮೊದಲ ದಿನವೇ ಅದರ ಜೋಡಣೆಯನ್ನು ಅಲುಗಾಡಿಸಿ ನೋಡಿ, ನನ್ನ ಮರದ ಹುಟ್ಟನ್ನೂ ದೋಣಿಯ ತಳದಲ್ಲಿ ಗೋಣಿಚೀಲದಡಿ ಬಚ್ಚಿಟ್ಟುಕೊಂಡೆ. ಎರಡನೇ ವಾರ ಪ್ಲಾಸ್ಟಿಕ್ ಅಲಗು ಕೋಲು ಬಿಟ್ಟು ತನ್ನಷ್ಟಕ್ಕೆ ತಾನು ಸಂಗಮದ ಕಡೆ ಹೊರಟಿತು. ಸಾಹೇಬರು ಕೈ ಚಾಚಿ ಅದನ್ನು ಕರೆಯುವವರ ಹಾಗೆ ನೋಡುತ್ತಿದ್ದರು. ನಾನು ಗೋಣಿಚೀಲ ಎತ್ತಿದೆ. ಅವತ್ತಿನಿಂದ ಆಫೀಸಿನಲ್ಲಿ ನನ್ನ ಅನುಮಾನಕ್ಕೆ ಒಂದು ಗೌರವ ಬಂತು. ಬರಬಾರದಿತ್ತು.

ಈಗ ನಂಜಯ್ಯನ ವಿಷಯ. ಹನ್ನೊಂದು ವರ್ಷ ದೋಣಿಯಲ್ಲಿ ಮುಂದೆ ಅವನು, ಹಿಂದೆ ನಾನು. ನನಗೆ ಖಾಯಂ ಆಗಿತ್ತು, ಅವನು ದಿನಗೂಲಿ. ಮರಗೆಲಸದಲ್ಲಿ ಮಾತ್ರ ನಾನು ಅವನ ಮುಂದೆ ಏನೂ ಅಲ್ಲ. ಮೀನು ಹಿಡಿಯುವವರು ಮೇಲಿನೂರು ಕೆಳಗಿನೂರುಗಳಿಂದ ಬಂದು ಅವನ ಕೈಯಲ್ಲಿ ಹುಟ್ಟು ಮಾಡಿಸಿಕೊಂಡು ಹೋಗುತ್ತಿದ್ದರು. ಅವನಿಗೆ ನನ್ನ ಹಾಗೆ ಅನುಮಾನದ ರೋಗ ಇರಲಿಲ್ಲ. ಯಾರು ಟೀ ಕೊಟ್ಟರೂ ಕುಡಿಯುವನು, ಯಾರು ಏನು ಹೇಳಿದರೂ ‘ಇರ್ಬೋದು ಬುಡ್ಲಾ’ ಎನ್ನುವನು. ಶೆಡ್ಡಿನ ಕಾವಲುಗಾರ ಸಿದ್ದಪ್ಪ ಅವನ ತಂಗಿ ಪುಟ್ಟತಾಯಿಯ ಗಂಡ, ಹದಿನಾರು ಎಂಬ ಊರಿನವನು. ಕೆಲಸ ಕೊಡಿಸಿದ್ದೂ ನಂಜಯ್ಯನೇ.

ಒಂದು ಮಳೆಗಾಲಕ್ಕೆ ಮುಂಚೆ ನಂಜಯ್ಯ ಹೊಸ ಹುಟ್ಟು ಮಾಡಿಕೊಂಡು ಬಂದ. ಪೂರ್ತಿ ಹಳದಿ ಬಣ್ಣ ಬಳಿದಿದ್ದ. ಎಣ್ಣೆ ಹಚ್ಚಿದರೆ ಮರ ಕಾಣುತ್ತದೆ. ಬಣ್ಣ ಬಳಿದರೆ ಕಾಣುವುದಿಲ್ಲ. ಕಾಣಬಾರದು ಎಂದೇ ಬಳಿಯುತ್ತಾರೆ.

‘ಯಾಕ್ಲಾ ಬಣ್ಣ ಒಡ್ದೆ?’ ಎಂದೆ.

‘ಕೆಂಪು ನೀರ್ನಲ್ಲಿ ಕೈ ಜಾರಿ ಬಿದ್ರೆ ಕಾಣ್ಲಿ ಅಂತ ಕಣ್ಲಾ.’

‘ಇಷ್ಟ್ ವರ್ಸ ಜಾರ್ದಿದ್ದುದ್ದು ಈಗ ಜಾರೀತ?’

‘ವಯಸ್ಸಾಯ್ತ ಬಂತಲ್ಲ’ ಎಂದು ನಕ್ಕ.

ನೇರವಾದ ಉತ್ತರ. ನನಗೆ ಸಾಲಲಿಲ್ಲ. ನಕ್ಕಿದ್ದೇಕೆ? ಬಿರುಕು ಬಿಟ್ಟ ಹಲಗೆಯನ್ನು ಎಸೆಯಲು ಮನಸ್ಸು ಬಾರದೆ ಮೇಣ ತುಂಬಿ ಬಣ್ಣ ಬಳಿದಿದ್ದಾನೆ ಎಂದು ತೀರ್ಮಾನಿಸಿಬಿಟ್ಟೆ. ಅದು ಮುರಿದರೆ ದೋಣಿಯ ಹಿಂದೆ ಕುಳಿತವನು ನಾನು. ಮೂರು ದಿನ ಊಟ ರುಚಿಸಲಿಲ್ಲ. ಕೇಳಿ ಪರೀಕ್ಷೆ ಮಾಡಬಹುದಿತ್ತು, ‘ನೋಡ್ಕೊ’ ಎಂದು ಅವನೇ ಕೈಗೆ ಕೊಡುತ್ತಿದ್ದ. ಆದರೆ ಅನುಮಾನದ ಸ್ವಭಾವವೇ ಬೇರೆ. ಕೊಟ್ಟದ್ದನ್ನು ನೋಡಿ ಅದಕ್ಕೆ ತೃಪ್ತಿಯಿಲ್ಲ, ಕದ್ದೇ ನೋಡಬೇಕು.

ನಾಲ್ಕನೇ ದಿನ ಮಧ್ಯಾಹ್ನ ನಂಜಯ್ಯ ಊಟಕ್ಕೆ ಹೋಗಿದ್ದ. ಟವಲು ಮರೆತಿದ್ದೇನೆಂದು ಹೇಳಿ ಸಿದ್ದಪ್ಪನ ಹತ್ತಿರ ಕೀ ಕೇಳಿದೆ. ಅವನು ಬೀಡಿ ಸೇದುತ್ತಾ ಕೀ ಎಸೆದ, ತಿರುಗಿಯೂ ನೋಡಲಿಲ್ಲ. ಒಳಗೆ ಹೋಗಿ ಹಳದಿ ಹುಟ್ಟನ್ನು ಮೊಳೆಯಿಂದ ಇಳಿಸಿದೆ. ಸಣ್ಣ ಬೈರಿಗೆಯಲ್ಲಿ ಕತ್ತಿಗೆ ಬೆಂಕಿಕಡ್ಡಿ ಗಾತ್ರದ ಒಂದು ತೂತು ಹಾಕಿದೆ. ಮರ ಒಳಗೆ ಕೊಳೆತಿದ್ದರೆ ಕಪ್ಪು ಪುಡಿ ಬರಬೇಕು. ಬಂದದ್ದು ಕೆಂಪಗಿನ, ಗುಂಗುರಾದ, ಒಳ್ಳೆಯ ಮರದ ಸುರುಳಿ. ಬಿರುಕು ಪಕ್ಕದಲ್ಲಿರಬಹುದು ಎಂದು ಎರಡನೆಯದು ಹಾಕಿದೆ. ಅದೂ ಚೆನ್ನ. ಆಗಲಾದರೂ ಬಿಡಬೇಕಿತ್ತು. ಮೂರನೆಯದನ್ನೂ ಹಾಕಿದೆ, ಮೂರೂ ಅಡ್ಡಡ್ಡಲಾಗಿ ಒಂದೇ ಸಾಲಿನಲ್ಲಿ. ಅಷ್ಟು ಒಳ್ಳೆಯ ಮರವನ್ನು ನಾನು ನನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ.

ಆಮೇಲೆ ನನ್ನ ಕೈ ಮಾಡಿದ ಕೆಲಸವನ್ನು ಬರೆಯಲು ನಾಚಿಕೆಯಾಗುತ್ತದೆ. ಮೇಣದ ಬತ್ತಿ ಕರಗಿಸಿ, ಮರದ ಪುಡಿ ಬೆರೆಸಿ, ಮೂರು ತೂತಿಗೂ ತುಂಬಿ, ಆಫೀಸಿನ ಗೇಟಿಗೆ ಹೊಡೆದು ಶೆಡ್ಡಿನಲ್ಲಿ ಉಳಿದಿದ್ದ ಹಳದಿ ಬಣ್ಣವನ್ನು ಬೆರಳಿನಿಂದ ಒತ್ತಿದೆ. ಸಂತೆಯಲ್ಲಿ ನನಗೆ ಟೋಪಿ ಹಾಕಿದವನ ವಿದ್ಯೆಯನ್ನೇ ನಾನು ಜೊತೆಗಾರನ ಹುಟ್ಟಿನ ಮೇಲೆ ಮಾಡಿದೆ. ಸಣ್ಣ ತೂತು, ಏನಾಗುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ಆ ಹುಟ್ಟು ಒಳ್ಳೆಯದೆಂದು ಗೊತ್ತಾಗಿದ್ದರಿಂದ ಅವತ್ತು ಹೊಟ್ಟೆ ತುಂಬ ಉಂಡೆ ಕೂಡ.

ಆಷಾಢ ಕಳೆಯುವುದರೊಳಗೆ ಹೊಳೆ ತುಂಬಿತು. ಮೇಣ ಎಲ್ಲಿ ಸಡಿಲವಾಯಿತೋ, ನೀರು ಎಷ್ಟು ದಿನದಿಂದ ಒಳಗೆ ಇಳಿದಿತ್ತೋ, ನನಗೆ ಗೊತ್ತಿಲ್ಲ. ಸಾಹೇಬರು ನಡುವೆ ಕುಳಿತಿದ್ದರು, ಮೀಟರು ನೀರಿನಲ್ಲಿತ್ತು. ಮೇಲಿನಿಂದ ಒಂದು ಮರದ ದಿಮ್ಮಿ ತೇಲಿ ಬರುತ್ತಿತ್ತು. ‘ಎಡಕ್ಕಾಕ್ಲಾ!’ ಎಂದು ಕೂಗಿದೆ. ನಂಜಯ್ಯ ಮೈಯೆಲ್ಲ ಹಾಕಿ ಎಳೆದ. ಕತ್ತಿನಲ್ಲಿ ಪಟ್ ಎಂದಿತು. ದೋಣಿ ಗಿರ್ರೆಂದು ತಿರುಗಿ ಸೇತುವೆಯ ಕಂಬಕ್ಕೆ ಅಪ್ಪಳಿಸಿತು. ಮೀಟರು ಹೋಯಿತು, ಸಾಹೇಬರ ಹಣೆ ಒಡೆಯಿತು, ಕಂಬಕ್ಕೂ ದೋಣಿಗೂ ನಡುವೆ ಸಿಕ್ಕಿ ನಂಜಯ್ಯನ ಎಡಗೈಯ ಎರಡು ಬೆರಳು ಜಜ್ಜಿಹೋದವು. ನನ್ನ ಒಂದೇ ಹುಟ್ಟಿನಲ್ಲಿ ಹೇಗೋ ದಡ ಸೇರಿದೆವು. ಹಳದಿ ಅಲಗು ಕೆಂಪು ನೀರಿನ ಮೇಲೆ ಬಹಳ ದೂರದವರೆಗೆ ಕಾಣುತ್ತಿತ್ತು. ಕಾಣಲಿ ಎಂದು ಬಣ್ಣ ಹೊಡೆದಿದ್ದೇನೆ ಎಂದವನು ನಿಜವನ್ನೇ ಹೇಳಿದ್ದ.

ದಡದಲ್ಲಿ ನಂಜಯ್ಯ ಕೈಯಲ್ಲಿ ಉಳಿದಿದ್ದ ಕೋಲಿನ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅಲ್ಲಿ ಏನು ಕಾಣುತ್ತದೆ ಎಂದು ನನಗೆ ಗೊತ್ತಿತ್ತು. ಅವನು ತಲೆಯೆತ್ತಿ ಶೆಡ್ಡಿನ ಕಡೆ ನೋಡಿದ, ಆಮೇಲೆ ಕೋಲನ್ನು ಹೊಳೆಗೆ ಎಸೆದುಬಿಟ್ಟ.

ಮರುದಿನ ದೊಡ್ಡ ಸಾಹೇಬರು ಮೈಸೂರಿನಿಂದ ಬಂದು ವಿಚಾರಣೆ ಮಾಡಿದರು. ನಾನೂ ಪಕ್ಕದಲ್ಲೇ ನಿಂತಿದ್ದೆ.

‘ಹುಟ್ಟು ಮಾಡಿದ್ದು ಯಾರು?’

‘ನಾನೇ ಸಾ.’

‘ಮರ ನೋಡಿ ತಗೊಂಡಿರಲಿಲ್ವಾ?’

‘ನೋಡಿದ್ದೆ ಸಾ.’

‘ಹಾಗಾದ್ರೆ ಯಾಕೆ ಮುರೀತು?’

ನಂಜಯ್ಯ ಬಟ್ಟೆ ಸುತ್ತಿದ ಕೈಯನ್ನು ನೋಡಿಕೊಂಡ. ‘ನನ್ದೇ ತಪ್ಪು ಸಾ’ ಎಂದ.

ನಾಳೆಯಿಂದ ಬರಬೇಡ ಎಂದರು. ದಿನಗೂಲಿಯವನಿಗೆ ಅಷ್ಟು ಸಾಕು. ಅವನ ಸ್ವಂತ ಹುಟ್ಟೇ ಹೊಳೆಯ ನಡುವೆ ಮುರಿಯಿತಂತೆ ಎಂಬ ಸುದ್ದಿ ಹರಡಿ, ಮೀನಿನವರೂ ಅವನ ಹತ್ತಿರ ಮಾಡಿಸುವುದನ್ನು ಬಿಟ್ಟರು. ಅವನು ಹುಲ್ಲಹಳ್ಳಿಯ ಕಡೆ ಹೋಗಿ ಕಬ್ಬು ಕಡಿಯುವ ಕೂಲಿಗೆ ಸೇರಿದನೆಂದು ಕೇಳಿದೆ. ನಾನು ಬಾಯಿ ಬಿಡಲಿಲ್ಲ. ಖಾಯಂ ನೌಕರಿ, ಮನೆ, ಮಕ್ಕಳು ಎಂದು ಕಾರಣ ಹೇಳಬಹುದು. ನಿಜವಾದ ಕಾರಣ ಹೇಡಿತನ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ತೂತುಗಳನ್ನು ಕಂಡೂ ಅವನೇಕೆ ಸುಮ್ಮನಿದ್ದ ಎಂಬ ಅನುಮಾನ ನನ್ನನ್ನು ಹಿಡಿಯಿತು. ನನ್ನ ಕೆಲಸವೆಂದು ಅವನಿಗೆ ಗೊತ್ತು, ಒಳ್ಳೆಯ ಸಮಯಕ್ಕೆ ಕಾದು ನನ್ನ ಮೇಲೆ ಅರ್ಜಿ ಹಾಕುತ್ತಾನೆ ಎಂದುಕೊಂಡೆ. ಸಾಹೇಬರು ಕರೆದಾಗಲೆಲ್ಲ ಅದೇ ಇರಬೇಕೆಂದು ಬೆವರಿದೆ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಎರಡು ಸಲ ಕಂಡು ಎರಡು ಸಲವೂ ಕಂಬದ ಮರೆಗೆ ಸರಿದೆ. ಸಿದ್ದಪ್ಪ ಕೆಲಸ ಬಿಟ್ಟು ಹದಿನಾರಿನಲ್ಲಿ ಉಳಿದಾಗ, ಇಬ್ಬರೂ ಸೇರಿ ಏನೋ ಹೂಡುತ್ತಿದ್ದಾರೆ ಎಂದು ಅದಕ್ಕೂ ಅರ್ಥ ಕಟ್ಟಿದೆ. ಹೀಗೆ ಇಪ್ಪತ್ತು ವರ್ಷ, ನಾನು ಕೆಡಿಸಿದ ಮನುಷ್ಯನನ್ನು ನಾನೇ ಕಳ್ಳನನ್ನು ಕಾಯುವ ಹಾಗೆ ಕಾದೆ. ಅರ್ಜಿ ಬರಲಿಲ್ಲ. ನಾನು ನಿವೃತ್ತನೂ ಆದೆ.

ಈಗ ಇಂಜಿನ್ ದೋಣಿ ಬಂದಿದೆ, ಸೇತುವೆಯ ಮೇಲಿಂದಲೇ ನೀರು ಅಳೆಯುವ ಯಂತ್ರ ಬಂದಿದೆ. ಆದರೂ ಇಂಜಿನ್ ಕೈಕೊಟ್ಟರೆ ಹುಟ್ಟು ಬೇಕಲ್ಲ ಎಂದು ಹೊಸದಾಗಿ ಗುತ್ತಿಗೆಗೆ ಸೇರಿದ ನಾಲ್ಕು ಜನರಿಗೆ ಪಾಠ ಹೇಳಲು ನನ್ನನ್ನು ಕರೆದಿದ್ದರು. ಕತ್ತಿಗೆ ಬೈರಿಗೆ ತಾಗಿಸಬೇಡಿ ಎಂದು ಹೇಳಿ ಮುಗಿಸಿದೆ. ಅವರಲ್ಲೊಬ್ಬ, ‘ಯಾರಾದ್ರೂ ಅಂಗೆ ಮಾಡಿದ್ರಾ ಸಾ?’ ಎಂದ. ‘ಯಾವನೋ ಒಬ್ಬ ಮಾಡಿದ್ದ’ ಎಂದೆ. ಹೇಳಿದ ಮೇಲೆ ಬಾಯಿ ಕಹಿಯಾಯಿತು. ಆ ವಾರವೇ ಹುಲ್ಲಹಳ್ಳಿಯ ಬಸ್ ಹತ್ತಿದೆ.

ನಂಜಯ್ಯ ಮನೆಯ ಮುಂದೆ ಕುಳಿತು ಗುದ್ದಲಿಗೆ ಮರದ ಕಾವು ಹೆರೆಯುತ್ತಿದ್ದ. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ.

‘ಬಾರ್ಲಾ ಮಾದೇವ, ದಾರಿ ತಪ್ಪಿ ಬಂದ್ಬುಟ್ಟಿಯೇನ್ಲಾ?’ ಎಂದ. ಒಳಗೆ ಕೂಗಿ ಟೀ ಹೇಳಿದ.

ಟೀ ಬರುವ ಮೊದಲೇ ಎಲ್ಲ ಹೇಳಿದೆ. ಬಣ್ಣ ಕಂಡು ಅನುಮಾನ ಪಟ್ಟದ್ದು, ಸಿದ್ದಪ್ಪನಿಂದ ಕೀ ಇಸಕೊಂಡದ್ದು, ಮೂರು ತೂತು, ಮೇಣ. ಅವನು ಹೆರೆಯುವುದನ್ನು ನಿಲ್ಲಿಸಿದ.

‘ತೂತು ನಂಗೂ ಗೊತ್ತು ಕಣ್ಲಾ. ಮುರ್ದ ಜಾಗ್ದಲ್ಲಿ ಮೇಣ ಇನ್ನೂ ಅಂಟ್ಕೊಂಡಿತ್ತು.’

‘ಮತ್ತೆ ಸಾಹೇಬ್ರಿಗೆ ಯಾಕ್ ಏಳ್ನಿಲ್ಲ?’

‘ಏನಂತ ಏಳ್ಲಿ? ಕೀ ಇದ್ದುದ್ದು ಸಿದ್ದಪ್ಪನ ತಾವ. ಆ ವಾರ್ದಲ್ಲೇ ನಾನು ಕುಡೀಬ್ಯಾಡ ಅಂತ ಅವನ್ಗೆ ನಾಕ್ ಜನ್ದ ಮುಂದೆ ಬೈದಿದ್ದೆ. ಆ ಸೇಡ್ಗೆ ಮಾಡವ್ನೆ ಅಂದ್ಕೊಂಡೆ. ಅವನ ಎಸ್ರು ಏಳುದ್ರೆ ಕೆಲ್ಸ ಓಯ್ತದೆ, ನನ್ ತಂಗಿ ಏನ್ ತಿಂದಾಳು? ಅದ್ಕೆ ನನ್ ತಪ್ಪು ಅಂದ್ಬುಟ್ಟೆ.’

‘ಅವನ್ನ ಒಂದ್ ಮಾತು ಕೇಳ್ಬೋದಿತ್ತಲ್ಲ.’

‘ಕೇಳ್ನಿಲ್ಲ. ಅವತ್ನಿಂದ ಅವರ ವಸ್ಲು ತುಳೀನಿಲ್ಲ. ಅವಳ ಮಗಳ ಮದ್ವೆ ಆಯ್ತು. ಕರೆಯೋಕೆ ಬಂದಿದ್ಲು ಪುಟ್ಟತಾಯಿ. ಇಲ್ಲೇ, ಈ ಜಗ್ಲಿ ಮ್ಯಾಲೆ ಕುಂತು ಅತ್ಲು. ಸೋದರಮಾವ ಇಲ್ದೆ ತಾಳಿ ಕಟ್ಸುದ್ರು.’

ಜೀವಮಾನದಲ್ಲಿ ಯಾರ ಮೇಲೂ ಅನುಮಾನ ಪಡದಿದ್ದ ಮನುಷ್ಯ ಅವನು. ಪಟ್ಟಿದ್ದು ಒಂದೇ ಸಲ. ಅದೂ ನಾನು ಹಾಕಿದ ತೂತನ್ನು ನೋಡಿ. ಅವನು ನನ್ನನ್ನು ಹೊಡೆದಿದ್ದರೆ ಚೆನ್ನಾಗಿತ್ತು. ಟೀ ಬಂತು. ನನ್ನ ಲೋಟವನ್ನು ನನ್ನ ಕಡೆ ಸರಿಸಿದ, ತನ್ನದನ್ನು ಮುಟ್ಟಲಿಲ್ಲ. ಒಳಗೆ ಹೋಗಿ ಒಗೆದ ಶರ್ಟು ಹಾಕಿಕೊಂಡು ಬಂದ.

‘ನಡಿ.’

‘ಎಲ್ಗೆ?’

‘ತಂಗಿ ಮನೆಗೆ. ನಂಗೆ ಏಳ್ದಂಗೇ ಅಲ್ಲೂ ಏಳು. ಒಂದಕ್ಸರ ಬುಡ್ಬ್ಯಾಡ.’

ನಂಜನಗೂಡಿನಲ್ಲಿ ಬಸ್ ಬದಲಾಯಿಸಿದೆವು. ಹದಿನಾರಿನಲ್ಲಿ ಇಳಿದ ಮೇಲೆ ಅವನ ನಡಿಗೆ ಜೋರಾಯಿತು. ನಾನು ಹಿಂದೆ ಬಿದ್ದೆ. ಒಂದು ತಿರುವಿನಲ್ಲಿ ನಿಂತು, ಮನೆ ಯಾವುದೆಂದು ಅಂಗಡಿಯವನನ್ನು ಕೇಳಿದ. ತಂಗಿಯ ಮನೆಗೆ ಮಹಡಿ ಎದ್ದಿತ್ತು, ಬಾಗಿಲು ಬೇರೆ ಕಡೆ ತಿರುಗಿತ್ತು, ಅವನಿಗೆ ಗುರುತು ಸಿಕ್ಕಿರಲಿಲ್ಲ.

ಬಾಗಿಲು ತಟ್ಟಿದವನು ನಾನು. ಪುಟ್ಟತಾಯಿ ಕೈಯಲ್ಲಿ ರಾಗಿಹಿಟ್ಟು ಮೆತ್ತಿಕೊಂಡೇ ಬಂದು ತೆರೆದಳು. ತಲೆ ಪೂರ್ತಿ ನರೆತಿತ್ತು. ನನ್ನನ್ನು ನೋಡಿ ಯಾರು ಎನ್ನುವಷ್ಟರಲ್ಲಿ ಹಿಂದೆ ನಿಂತಿದ್ದ ಅಣ್ಣನನ್ನು ಕಂಡಳು.

‘ಅಣ್ಣಾ,’ ಎಂದಳು, ‘ಯಾರ್ ತೀರೋದ್ರು?’

ನಂಜಯ್ಯ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ನೂಕಿದ.

‘ಯಾರೂ ಇಲ್ಲ ಕಣವ್ವ,’ ಎಂದೆ ನಾನು. ‘ನಿಮ್ಮೆಜಮಾನ್ರನ್ನ ಕರಿ. ನಾನೊಂದ್ ಮಾತು ಏಳ್ಬೇಕು.’

ಅವಳು ನನ್ನ ಮಾತು ನಂಬಲಿಲ್ಲ. ಅಣ್ಣನ ಮುಖವನ್ನೇ ನೋಡುತ್ತಾ, ಹಿಟ್ಟಿನ ಕೈಯಲ್ಲೇ ಚೌಕಟ್ಟು ಹಿಡಿದುಕೊಂಡು ಹೊಸ್ತಿಲ ಮೇಲೆ ಕುಸಿದು ಕುಳಿತಳು.